ಪರಸ್ಥಳದ ನೌಕರಿ, ರವಿವಾರದ ಹಾದಿ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ನಾಲ್ಕು ತಾಲೂಕು, ನಾಲ್ಕು ರವಿವಾರ

ಶನಿವಾರ ಸಂಜೆ ಹಾವೇರಿಯ ರೈಲು ನಿಲ್ದಾಣದಲ್ಲಿ ಅರ್ಧ ಗಳಿಗೆ ನಿಂತವರಿಗೆ ಒಂದು ದೃಶ್ಯ ಕಾಣದೆ ಇರದು. ಬೆನ್ನಿಗೆ ಚೀಲವೇರಿಸಿಕೊಂಡ ತರುಣ ತರುಣಿಯರು ಬೆಂಗಳೂರಿನ ಕಡೆಯ ಗಾಡಿಗಾಗಿ ಕಾಯುತ್ತಿರುತ್ತಾರೆ. ಒಬ್ಬನು ಹಾನಗಲ್ಲಿನ ಬ್ಯಾಂಕಿನಲ್ಲಿ ಗುಮಾಸ್ತ. ಇನ್ನೊಬ್ಬಳು ಹಿರೇಕೆರೂರ ಸೀಮೆಯ ಯಾವುದೋ ಹಳ್ಳಿಯ ಶಾಲೆಯಲ್ಲಿ ಶಿಕ್ಷಕಿ. ಮತ್ತೊಬ್ಬನು ಸವಣೂರಿನ ಸರಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ವೈದ್ಯ. ಮೈಸೂರು, ತುಮಕೂರು, ಮಂಗಳೂರು ಇವರ ಹುಟ್ಟೂರುಗಳು. ರಾತ್ರಿಯೆಲ್ಲ ಪಯಣಿಸಿ ರವಿವಾರ ಬೆಳಗ್ಗೆ ಮನೆ ಸೇರಿ, ತಾಯಿಯ ಕೈಯಡುಗೆ ಉಂಡು, ಒಂದು ನಿದ್ದೆ ತೆಗೆದು, ಅಂದೇ ರಾತ್ರಿ ಮತ್ತೆ ಗಾಡಿಯೇರಿ ಸೋಮವಾರ ಕೆಂಗಣ್ಣಿನಿಂದ ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಹೀಗೆ ವರುಷ ಎರಡು ವರುಷ ಕಳೆದು ವರ್ಗವಾಗಿ ಹೋಗುವಾಗ, ತಾವು ಇದ್ದ ಊರಿನಲ್ಲಿ ಏನಿತ್ತೆಂದು ಕೇಳಿದರೆ ಬಸ್ ನಿಲ್ದಾಣ, ಬಾಡಿಗೆಯ ಕೋಣೆ, ಖಾನಾವಳಿ, ಇಷ್ಟೇ ಅವರ ನೆನಪಿಗೆ ಬರುವುದು.

ಇದರಲ್ಲಿ ಅವರ ತಪ್ಪೆಂದು ಹೇಳುವುದು ಸುಲಭ. ಆದರೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮೊದಲ ಬಾರಿಗೆ ಮನೆ ಬಿಟ್ಟವರಿಗೆ ಪರಸ್ಥಳವೆಂಬುದು ಎಷ್ಟು ದೊಡ್ಡದು ಎಂಬುದನ್ನು ಬಲ್ಲವರೇ ಬಲ್ಲರು. ಆಡುವ ಭಾಷೆ ಕನ್ನಡವೇ ಆದರೂ ಕಿವಿಗೆ ಅದು ಬೇರೆಯಾಗಿ ಕೇಳಿಸುತ್ತದೆ. ಮೈಸೂರಿನಲ್ಲಿ ‘ಮೇಡಂ’ ಆಗಿದ್ದವಳು ಇಲ್ಲಿ ‘ಅಕ್ಕೋರು’ ಆಗುತ್ತಾಳೆ. ‘ಬನ್ನಿ’ ಎಂಬುದು ‘ಬರ್‍ರಿ’ ಆಗುತ್ತದೆ. ಮುದ್ದೆ, ಸಾರುಗಳ ಜಾಗದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂದು ಕೂರುತ್ತವೆ. ವಾರದ ಆರು ದಿನ ಕೆಲಸವು ಮನಸ್ಸನ್ನು ಹಿಡಿದಿಡುತ್ತದೆ. ಏಳನೆಯ ದಿನ ಮಾತ್ರ ಬಲು ಉದ್ದ. ಅನೇಕರು ಒಂಟಿತನಕ್ಕೆ ಸೋತು, ವರ್ಗಾವಣೆಗಾಗಿ ಅರ್ಜಿಯ ಮೇಲೆ ಅರ್ಜಿ ಬರೆಯುವುದು ಆ ಏಳನೆಯ ದಿನದ ದೆಸೆಯಿಂದಲೇ.

ಈ ಲೇಖನದ ವಿಷಯ ಆ ಏಳನೆಯ ದಿನ. ಅದನ್ನು ಕಳೆಯುವುದಕ್ಕೆ ರೈಲು ನಿಲ್ದಾಣವೊಂದೇ ದಾರಿಯಲ್ಲ. ಸುತ್ತಲಿನ ಹಳ್ಳಿಗಳಿಗೆ ಹೋಗುವ ದಾರಿಗಳೂ ಇವೆ. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲೂಕುಗಳ ಚರಿತ್ರೆಯನ್ನು ನೋಡಿದರೆ ಒಂದು ಮಾತು ಮನದಟ್ಟಾಗುತ್ತದೆ: ಈ ನೆಲಕ್ಕೆ ಪರಸ್ಥಳದವರು ಹೊಸಬರಲ್ಲ. ಬಂದವರನ್ನು ತನ್ನವರನ್ನಾಗಿ ಮಾಡಿಕೊಳ್ಳುವ ಗುಣ ಇಲ್ಲಿ ಸಾವಿರ ವರ್ಷ ಹಳೆಯದು. ಆದರೆ ಆ ಗುಣದ ಲಾಭ ದೊರೆಯುವುದು, ಕೋಣೆಯ ಬಾಗಿಲಿಗೆ ಬೀಗ ಹಾಕಿ ಹೊರಗೆ ಹೊರಟವರಿಗೆ ಮಾತ್ರ.

ಕಡಲಾಚೆಯ ತರುಣರು

ರಜೆಯ ಬಿಡುವನ್ನು ಹೀಗೆ ಬಳಸಿಕೊಂಡವರಲ್ಲಿ, ಸೋಜಿಗವೆಂದರೆ, ನಮ್ಮವರಿಗಿಂತ ಮೊದಲು ನೆನಪಾಗುವವರು ಆರು ಸಾವಿರ ಮೈಲಿ ದೂರದಿಂದ ಬಂದ ಪರದೇಶಿಗಳು.

ವಾಲ್ಟರ್ ಎಲಿಯಟ್ ಎಂಬ ಸ್ಕಾಟ್ಲೆಂಡಿನ ತರುಣ ಹುಟ್ಟಿದ್ದು 1803ರಲ್ಲಿ. ಇಪ್ಪತ್ತು ತುಂಬಿದ ಹೊಸತರಲ್ಲಿಯೇ ಅವನನ್ನು ಕಂಪನಿ ಸರಕಾರ ಧಾರವಾಡ ಸೀಮೆಗೆ ನೌಕರಿಯ ಮೇಲೆ ಕಳುಹಿಸಿತು. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಸಾಹೇಬನು ಮಡಿದಾಗ ರಾಣಿ ಚೆನ್ನಮ್ಮನ ಕೈಗೆ ಸೆರೆ ಸಿಕ್ಕಿದ ಇಬ್ಬರು ಅಧಿಕಾರಿಗಳಲ್ಲಿ ಇವನೊಬ್ಬ. ಆಗ ಅವನ ವಯಸ್ಸು ಇಪ್ಪತ್ತೊಂದು. ಸೆರೆಯಿಂದ ಬಿಡುಗಡೆ ಹೊಂದಿದ ಇನ್ನೊಬ್ಬನಾಗಿದ್ದರೆ ಮೊದಲ ಹಡಗು ಹಿಡಿದು ಮನೆಗೆ ಹೋಗುತ್ತಿದ್ದನೋ ಏನೋ. ಎಲಿಯಟ್ ಮಾತ್ರ 1833ರವರೆಗೂ ಈ ಕಡೆಯಲ್ಲಿಯೇ ಉಳಿದ. ಹಳ್ಳಿಹಳ್ಳಿಗಳ ಗುಡಿಯಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹಿತ್ತಿಲ ಮೂಲೆಯಲ್ಲಿ ಬಿದ್ದಿದ್ದ ಬರಹದ ಕಲ್ಲುಗಳನ್ನು ಹುಡುಕಿಸಿ, 600ರ ಸಮೀಪದಷ್ಟು ಶಾಸನಗಳ ಪ್ರತಿಗಳನ್ನು ಕೂಡಿಸಿದ. ಅವುಗಳ ಆಧಾರದಿಂದ 1837ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವನು ಬರೆದ ಪ್ರಬಂಧವು ಚಾಲುಕ್ಯರ ವಂಶಾವಳಿಗೆ ಹೊಸ ಬೆಳಕು ಕೊಟ್ಟಿತು.

ಎಲಿಯಟ್ಟನ ತರುವಾಯ ಬಂದವರೂ ಉಂಟು. ಮುಂಬಯಿ ಸರಕಾರದ ವೈದ್ಯಖಾತೆಯ ಡಾಕ್ಟರ್ ಪಿಗೌ ಎಂಬುವನು ಛಾಯಾಚಿತ್ರಕಲೆ ಇನ್ನೂ ಎಳವೆಯಲ್ಲಿದ್ದಾಗಲೇ ಈ ಸೀಮೆಯ ಗುಡಿಗಳ ಚಿತ್ರಗಳನ್ನು ತೆಗೆದ. ಅವನೂ ಇನ್ನಿಬ್ಬರೂ ತೆಗೆದ ಚಿತ್ರಗಳು ಧಾರವಾಡ, ಮೈಸೂರು ಪ್ರಾಂತಗಳ ವಾಸ್ತುಶಿಲ್ಪದ ದೊಡ್ಡ ಸಂಪುಟವಾಗಿ 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅದಕ್ಕೆ ಚರಿತ್ರೆಯ ಭಾಗವನ್ನು ಬರೆದುಕೊಟ್ಟವನು ಸುರಪುರದಲ್ಲಿ ಬಾಳಿದ ಮೆಡೋಸ್ ಟೇಲರ್. ಪುಸ್ತಕ ಹೊರಬರುವಷ್ಟರಲ್ಲಿ ಪಿಗೌ ಜೀವಂತನಿರಲಿಲ್ಲ. 1867ರಲ್ಲಿ ಇಪ್ಪತ್ತರ ಹರೆಯದಲ್ಲಿ ಮುಂಬಯಿಗೆ ಬಂದಿಳಿದ ಜಾನ್ ಫೇತ್‌ಫುಲ್ ಫ್ಲೀಟನಂತೂ ಹಗಲು ಸರಕಾರದ ಕಡತ, ಬಿಡುವಿನಲ್ಲಿ ಹಳಗನ್ನಡದ ಕಲ್ಲು, ಎಂದು ಬಾಳನ್ನೇ ಎರಡು ಪಾಲು ಮಾಡಿಕೊಂಡ. ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಅವನ ಗ್ರಂಥ 1882ರಲ್ಲಿ ಪ್ರಕಟವಾಯಿತು.

ಇವರನ್ನು ಹೊಗಳುವಾಗ ಒಂದು ಎಚ್ಚರವೂ ಬೇಕು. ಇವರು ಆಳುವವರ ಕಡೆಯವರು. ಡೇರೆ, ಕುದುರೆ, ಪಟ್ಟೇವಾಲ, ಕಲ್ಲಿನ ಅಕ್ಷರ ಓದಿ ಹೇಳುವ ಪಂಡಿತ, ಎಲ್ಲವೂ ಇವರ ಕೈಗೆ ಇದ್ದವು. ಆ ಪಂಡಿತರಲ್ಲಿ ಬಹುಮಂದಿಯ ಹೆಸರು ಪುಸ್ತಕದ ಮುಖಪುಟದ ಮೇಲೆ ಬರಲಿಲ್ಲ. ಆದರೂ ಒಂದು ಸಂಗತಿ ಯೋಚನೆಗೆ ಹಚ್ಚುತ್ತದೆ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು ಕಂಪನಿ ಸರಕಾರ. ಅರ್ಧ ಶತಮಾನದ ನಂತರ ರಾಯಣ್ಣನ ಲಾವಣಿಯನ್ನು ಹಳ್ಳಿಯವರ ಬಾಯಿಂದ ಬರೆಸಿಕೊಂಡು ಅಚ್ಚು ಹಾಕಿಸಿದವನು ಅದೇ ಇಂಗ್ಲಿಷರ ಆಳಿಕೆಯ ಅಧಿಕಾರಿ ಫ್ಲೀಟ್! ಊರಿನ ಜನರ ನಡುವೆ ಕುಳಿತು ಅವರ ಹಾಡು ಕೇಳಿದವನಿಗೆ, ತನ್ನ ಸರಕಾರ ವೈರಿಯೆಂದು ಎಣಿಸಿದವನೂ ವೀರನಾಗಿ ಕಂಡಿರಬೇಕು. ಆಳಲು ಬಂದವನಿಗೇ ಈ ನೆಲ ಇಷ್ಟನ್ನು ತೆರೆದು ತೋರಿಸಿದ ಮೇಲೆ, ಪಾಠ ಹೇಳಲು, ಔಷಧ ಕೊಡಲು ಬಂದ ನಮ್ಮದೇ ಮಕ್ಕಳಿಗೆ ತೋರಿಸದೆ ಇದ್ದೀತೆ?

ನಾಲ್ಕೂ ತಾಲೂಕುಗಳು ಒಂದಕ್ಕೊಂದು ಹೊಂದಿಕೊಂಡಿವೆ. ಬಡಗಣದ ಸವಣೂರಿನ ಎರೆಯ ಬಯಲಿನಿಂದ ಹೊರಟು ಶಿಗ್ಗಾಂವಿ, ಹಾನಗಲ್ಲುಗಳನ್ನು ದಾಟಿ ತೆಂಕಲ ಹಿರೇಕೆರೂರಿಗೆ ಬರುವಷ್ಟರಲ್ಲಿ ಹತ್ತಿ, ಜೋಳಗಳ ಸೀಮೆ ಮುಗಿದು ಬತ್ತದ ಗದ್ದೆ, ಮಾವಿನ ತೋಪು, ಕೆರೆಗಳ ಸೀಮೆ ಕಣ್ಣಿಗೆ ಬಿದ್ದಿರುತ್ತದೆ. ಒಂದು ತಿಂಗಳ ನಾಲ್ಕು ರವಿವಾರಗಳಿಗೆ ಇಷ್ಟು ಸಾಕು.

ಮೊದಲ ರವಿವಾರ: ಶಿಗ್ಗಾಂವಿಯ ಸುತ್ತ

ಶಿಗ್ಗಾಂವಿ ಹೆದ್ದಾರಿಯ ಮೇಲಿನ ಊರು. ಪುಣೆ ಬೆಂಗಳೂರು ರಸ್ತೆಯಲ್ಲಿ ಓಡಾಡುವ ಸಾವಿರಾರು ಜನ ಅದರ ಹೆಸರನ್ನು ಫಲಕದ ಮೇಲೆ ಓದಿ ಮುಂದೆ ಸಾಗುತ್ತಾರೆ. ಆದರೆ ಇದೇ ತಾಲೂಕಿನ ಮೂರು ಹಳ್ಳಿಗಳು ಕನ್ನಡ ನಾಡಿಗೆ ಕೊಟ್ಟದ್ದು ಸಾಮಾನ್ಯವಲ್ಲ.

ಬಂಕಾಪುರವನ್ನು ಮೊದಲು ನೋಡಬೇಕು. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಯನಿಂದ ಈ ಊರಿಗೆ ಹೆಸರು ಬಂದಿತು. 9ನೆಯ ಶತಮಾನದ ಕೊನೆಗೆ ಗುಣಭದ್ರಾಚಾರ್ಯರ ‘ಉತ್ತರಪುರಾಣ’ಕ್ಕೆ ಇಲ್ಲಿ ಪೂಜೆ ಸಂದಿತು. ಮುಂದೆ ಅಜಿತಸೇನಾಚಾರ್ಯರ ಕಾಲಕ್ಕೆ ಇದು ವಿದ್ಯೆಯ ಮನೆಯಾಯಿತು. ಗಂಗರ ದೊರೆ ಮಾರಸಿಂಹನು ಕಿರೀಟವನ್ನಿಳಿಸಿ ಅವರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಇಲ್ಲಿಯೇ. ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿ, ವಿದ್ಯೆಗಾಗಿ ಊರು ಬಿಟ್ಟು, ಆ ಅಜಿತಸೇನರ ಶಿಷ್ಯನಾದ ಹುಡುಗನೇ ಮುಂದೆ ಕವಿಚಕ್ರವರ್ತಿ ರನ್ನನಾದ. ಪರಸ್ಥಳದಲ್ಲಿ ಓದಲು ಬಂದ ತರುಣರಿಗೆ ಇವನಿಗಿಂತ ಹಿರಿಯಣ್ಣ ಬೇರೆ ಬೇಕೆ?

ಇಂದು ಕೋಟೆಯ ಒಳಗೆ ಉಳಿದಿರುವ ಮುಖ್ಯ ಕಟ್ಟಡ ನಗರೇಶ್ವರ ದೇವಾಲಯ. ಜನರ ಬಾಯಲ್ಲಿ ಅದು ‘ಅರವತ್ತು ಕಂಬದ ಗುಡಿ’. ಸುತ್ತಲ ನೆಲಕ್ಕಿಂತ ತಗ್ಗಿನಲ್ಲಿರುವ ಈ ಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಕಡೆದು ನುಣುಪು ಮಾಡಿದ ಕಂಬಗಳ ಮೇಲೆ ಬೆಳಗಿನ ಎಳೆಬಿಸಿಲು ಬಿದ್ದಾಗ ಕಲ್ಲು ಕನ್ನಡಿಯಾಗುತ್ತದೆ. ಕೋಟೆಯ ಬಯಲಿನಲ್ಲಿ ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರವಿದೆ. ಅದರ ಗಿಡಗಂಟಿಗಳಲ್ಲಿ ನವಿಲುಗಳು ಹಿಂಡುಹಿಂಡಾಗಿ ನೆಲಸಿವೆ. 2006ರಲ್ಲಿ ಇದನ್ನು ನವಿಲುಧಾಮವೆಂದು ಸಾರಲಾಯಿತು. ಹೊತ್ತು ಏರುವ ಮೊದಲು ಹೋದವರಿಗೆ ನವಿಲಿನ ಕೂಗು ಕೇಳುತ್ತದೆ, ತಡವಾಗಿ ಹೋದವರಿಗೆ ಗರಿ ಸಿಕ್ಕಿದರೆ ಅದೃಷ್ಟ.

ಅಲ್ಲಿಂದ ಬಾಡ ಗ್ರಾಮಕ್ಕೆ ಬಂದರೆ ಕನಕದಾಸರ ಜನ್ಮಸ್ಥಳ. ತಿಮ್ಮಪ್ಪನಾಯಕನೆಂಬ ಹೆಸರಿನಿಂದ ಪಾಳೆಯಗಾರಿಕೆ ನಡೆಸಿದ ವೀರನು ಆಯುಧವನ್ನು ಕೆಳಗಿಟ್ಟು ಹರಿದಾಸನಾಗಿ ಕಾಗಿನೆಲೆಯ ಆದಿಕೇಶವನಿಗೆ ಬಾಳನ್ನು ಒಪ್ಪಿಸಿದ ಕಥೆ ಎಲ್ಲರಿಗೂ ಗೊತ್ತು. ಅವರ ನೆನಪಿಗಾಗಿ ಬಾಡದಲ್ಲಿ ಅರಮನೆಯ ಮಾದರಿಯ ಕಟ್ಟಡವೊಂದನ್ನು ಈಚಿನ ವರ್ಷಗಳಲ್ಲಿ ಕಟ್ಟಿದ್ದಾರೆ. ಮಕ್ಕಳೊಂದಿಗೆ ಹೋದವರಿಗೆ ಅದು ಹಿಡಿಸುತ್ತದೆ.

ಮಧ್ಯಾಹ್ನದ ಮೇಲೆ ಶಿಶುನಾಳ. 1819ರಲ್ಲಿ ಹುಟ್ಟಿ 1889ರಲ್ಲಿ ಅಗಲಿದ ಶರೀಫ ಸಾಹೇಬರು ಮುಲ್ಕಿ ಪರೀಕ್ಷೆ ಮುಗಿಸಿ ಕೆಲಕಾಲ ಸುತ್ತಲ ಹಳ್ಳಿಗಳ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವರು. ಅವರಿಗೆ ಗುರುವಾಗಿ ದೊರೆತವರು ಕಳಸದ ಗೋವಿಂದಭಟ್ಟರು. ಬ್ರಾಹ್ಮಣ ಗುರು, ಮುಸಲ್ಮಾನ ಶಿಷ್ಯ; ಇಬ್ಬರೂ ಊರವರ ಟೀಕೆಯನ್ನು ಲೆಕ್ಕಿಸಲಿಲ್ಲ. ಗದ್ದುಗೆಯ ಬಳಿ ಇಂದಿಗೂ ಎರಡೂ ಸಮುದಾಯದವರು ತಮ್ಮ ತಮ್ಮ ರೀತಿಯಲ್ಲಿ ನಡೆದುಕೊಳ್ಳುತ್ತಾರೆ. ಸಂಜೆ ತಂಬೂರಿ, ದಮ್ಮಡಿಗಳೊಂದಿಗೆ ತತ್ತ್ವಪದ ಹಾಡುವವರು ಕೂತಿದ್ದರೆ ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಬಹುದು. ಯಾರೂ ನಿಮ್ಮ ಊರು, ಕುಲ ಕೇಳುವುದಿಲ್ಲ.

ಮರಳುವ ದಾರಿಯಲ್ಲಿ ಇನ್ನೂ ಹೊತ್ತಿದ್ದರೆ ಗೊಟಗೋಡಿಯಲ್ಲಿ ಇಳಿಯಬಹುದು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇಲ್ಲಿದೆ. ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರು ರೂಪಿಸಿದ ಉತ್ಸವ್ ರಾಕ್ ಗಾರ್ಡನ್ನಿನಲ್ಲಿ ಕುಂಬಾರ, ಕಮ್ಮಾರ, ಒಕ್ಕಲಿಗ, ಜಾತ್ರೆಯ ಜನ, ಎಲ್ಲರೂ ಆಳೆತ್ತರದ ಶಿಲ್ಪಗಳಾಗಿ ನಿಂತಿದ್ದಾರೆ. ನಗರದಲ್ಲಿ ಬೆಳೆದವರಿಗೆ ಹಳ್ಳಿಯ ಕಸುಬುಗಳ ಮೊದಲ ಪಾಠ ಅಲ್ಲಿಯೇ ಆಗುತ್ತದೆ.

ಎರಡನೆಯ ರವಿವಾರ: ಸವಣೂರು

ಸವಣೂರೆಂದೊಡನೆ ಎರಡು ರುಚಿಗಳು ನೆನಪಾಗುತ್ತವೆ: ಒಂದು ವೀಳ್ಯದೆಲೆ, ಇನ್ನೊಂದು ಖಾರಾ. ಊರಿಗೆ ಹೋಗುವವರು ಪೊಟ್ಟಣ ಕಟ್ಟಿಸಿಕೊಂಡು ಹೋಗುವುದು ವಾಡಿಕೆ. ಆದರೆ ಅಂಗಡಿಯಿಂದಲೇ ತಿರುಗಿ ಹೋಗುವವರು ಊರನ್ನು ನೋಡಿದಂತಾಗಲಿಲ್ಲ.

ಇದು ಪಠಾಣ ನವಾಬರ ರಾಜಧಾನಿಯಾಗಿದ್ದ ಊರು. ಬಿಜಾಪುರದ ಆದಿಲಶಾಹಿ 1686ರಲ್ಲಿ ಬಿದ್ದ ಮೇಲೆ ಅದರ ಸರದಾರರಲ್ಲೊಬ್ಬನಾದ ಅಬ್ದುಲ್ ರವೂಫ್ ಖಾನನು ಮೊಗಲರ ಕಡೆ ಸೇರಿ ಈ ಸೀಮೆಯನ್ನು ಪಡೆದ. ಮರಾಠರು, ಮೈಸೂರಿನ ಹೈದರ್ ಮತ್ತು ಟೀಪು, ನಿಜಾಮ, ಇಂಗ್ಲಿಷರು, ಇವರೆಲ್ಲರ ನಡುವೆ ಸಿಕ್ಕಿ ರಾಜ್ಯ ಕುಗ್ಗುತ್ತ ಬಂದು, ಕೊನೆಗೆ ಕೆಲವೇ ಹಳ್ಳಿಗಳ ಸಂಸ್ಥಾನವಾಗಿ ಉಳಿದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇದೇ ಊರಿನಲ್ಲಿ ಉತ್ತರಾದಿ ಮಠದ ಶ್ರೀ ಸತ್ಯಬೋಧ ತೀರ್ಥರ ವೃಂದಾವನವೂ ಇದೆ. 1783ರಲ್ಲಿ ಅವರು ವೃಂದಾವನಸ್ಥರಾದದ್ದು ನವಾಬರ ಆಳಿಕೆಯ ಕಾಲದಲ್ಲಿ. ಎರಡು ಲೋಕಗಳು ಒಂದೇ ಊರಿನಲ್ಲಿ ಒಂದರ ಪಕ್ಕದಲ್ಲೊಂದು ಬಾಳಿದ ರೀತಿಯನ್ನು ಅಲ್ಲಿನ ಓಣಿಗಳಲ್ಲಿ ನಡೆದೇ ತಿಳಿಯಬೇಕು.

ಆದರೆ ಸವಣೂರಿನ ಅತಿ ಹಳೆಯ ಪರಸ್ಥಳದವರು ಮನುಷ್ಯರಲ್ಲ. ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮಹಾವೃಕ್ಷಗಳೇ ಅವರು. ಹೆಸರು ಹುಣಸೆಯಾದರೂ ಜಾತಿ ಹುಣಸೆಯದಲ್ಲ. ಆಫ್ರಿಕಾ ಖಂಡದ ಬಾವೊಬಾಬ್ ಮರವಿದು. ಕಾಯಿಯ ತಿರುಳಿನ ಹುಳಿಯನ್ನು ಕಂಡು ಜನ ಇದಕ್ಕೆ ತಮಗೆ ಗೊತ್ತಿದ್ದ ಮರದ ಹೆಸರನ್ನೇ ಕೊಟ್ಟು ಹತ್ತಿರ ಮಾಡಿಕೊಂಡರು. ಆನೆಯ ಮೈಯಂತಹ ಬೂದುಬಣ್ಣದ ತೊಗಟೆ, ಹಲವರು ಕೈಕೈ ಹಿಡಿದು ನಿಂತರೂ ತಬ್ಬಲಾಗದ ಬೊಡ್ಡೆ, ರಾತ್ರಿ ಅರಳುವ ಬಿಳಿಯ ಹೂ. ಶ್ರೀಕೃಷ್ಣನು ತಂದು ನೆಟ್ಟನೆಂದು ಸ್ಥಳದ ಕಥೆ. ಅರಬರ ವ್ಯಾಪಾರದ ಹಾದಿಯಲ್ಲಿ ಬೀಜ ಬಂದಿರಬೇಕೆಂದು ಬಲ್ಲವರ ಊಹೆ. 2023ರ ಮಳೆಗಾಲದಲ್ಲಿ ಇವುಗಳಲ್ಲೊಂದು ಬುಡಮೇಲಾಗಿ ಉರುಳಿದಾಗ, ಕಡಿದು ಸಾಗಿಸುವುದನ್ನು ಬಿಟ್ಟು, ಅದನ್ನು ಮತ್ತೆ ಎತ್ತಿ ನಿಲ್ಲಿಸಿ ನೆಡುವ ಯತ್ನವನ್ನು ಮಾಡಿದರು. ಎಲ್ಲಿಂದಲೋ ಬಂದ ಮರಕ್ಕೆ ಸವಣೂರು ತೋರಿಸಿದ ಮಮತೆ ಇದು.

ಇದೇ ಊರಿನಿಂದ ಕಡಲಾಚೆಗೆ ಹೋದವರೂ ಇದ್ದಾರೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. ಎಲಿಯಟ್ ಬಂದ ದಾರಿಯಲ್ಲಿಯೇ ಹಡಗು ತಿರುಗಿ ಹೊರಟಂತಾಯಿತು. ಅಲ್ಲಿ ಅವರು ಪರೀಕ್ಷೆಯ ಪುಸ್ತಕಗಳ ನಡುವೆಯೇ ಮುಳುಗಿಹೋಗಲಿಲ್ಲ; ಕಂಡ ದೇಶ, ದಾಟಿದ ಕಡಲು ಎರಡನ್ನೂ ಕನ್ನಡಕ್ಕೆ ತಂದರು. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನ, ‘ಸಮುದ್ರ ಗೀತೆಗಳು’ ಎಂಬ ಕವನ ಸಂಕಲನ ಆ ಪಯಣದ ಫಲ. ಕಡಲೇ ಇಲ್ಲದ ಬಯಲುಸೀಮೆಯ ಹುಡುಗ ಕನ್ನಡಕ್ಕೆ ಕಡಲನ್ನು ತಂದುಕೊಟ್ಟ. 1990ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಪರಸ್ಥಳವನ್ನು ಕಣ್ಣು ತೆರೆದು ನೋಡಿದವನು ಹುಟ್ಟೂರಿಗೇ ಹೆಚ್ಚು ಉಪಕಾರ ಮಾಡುತ್ತಾನೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಮೂರನೆಯ ರವಿವಾರ: ಹಾನಗಲ್ಲು

ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು. ಪಾಂಡವರು ಅಜ್ಞಾತವಾಸವನ್ನು ಕಳೆದ ವಿರಾಟನಗರ ಇದೇ ಎಂದು ಊರಿನವರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಹಳೆಯ ಶಾಸನಗಳಲ್ಲಿಯೂ ಈ ಹೆಸರು ಕಾಣುತ್ತದೆ. ತಮ್ಮ ಹೆಸರು, ಕುಲ, ಕಸುಬುಗಳನ್ನು ಮರೆಮಾಡಿ ಪರರ ಊರಿನಲ್ಲಿ ಒಂದು ವರುಷ ಊಳಿಗ ಮಾಡಿದ ಪಾಂಡವರ ಕಥೆ, ಪರಸ್ಥಳದಲ್ಲಿ ನೌಕರಿ ಮಾಡುವ ಎಲ್ಲರ ಕಥೆಯೂ ಹೌದು. ಅಡುಗೆ ಬಾರದವನು ಇಲ್ಲಿ ಬಂದ ಮೇಲೆ ಭೀಮಸೇನನಂತೆ ಸವುಟು ಹಿಡಿಯುವುದಿಲ್ಲವೆ!

ಚಾಲುಕ್ಯರ ಮಾಂಡಲಿಕರಾಗಿ ಆಳಿದ ಹಾನಗಲ್ಲ ಕದಂಬರ ರಾಜಧಾನಿ ಇದು. ತಾರಕೇಶ್ವರ ದೇವಾಲಯ ಇವರ ಕಾಲದ ವೈಭವವನ್ನು ಇಂದಿಗೂ ಹೇಳುತ್ತಿದೆ. ಗುಡಿಯ ಮಂಟಪದಲ್ಲಿ ನಿಂತು ತಲೆಯೆತ್ತಿದರೆ ಸುತ್ತು ಸುತ್ತಾಗಿ ಕಿರಿದಾಗುತ್ತ ಮೇಲೇರುವ ಎಂಟು ಮೂಲೆಯ ಛಾವಣಿ, ಅದರ ನಡುವಿನಿಂದ ಕೆಳಕ್ಕೆ ಇಳಿದ ಕಲ್ಲಿನ ಕಮಲ. ಎಂಟುನೂರಕ್ಕೂ ಹೆಚ್ಚು ವರ್ಷಗಳಿಂದ ಅದು ಬಾಡದೆ ತೂಗುತ್ತಿದೆ. ಗಡಿಬಿಡಿಯಿಂದ ನೋಡಿ ಹೋಗುವಂಥದಲ್ಲ. ನೆಲದ ಮೇಲೆ ಕುಳಿತು, ಬೇಕಾದರೆ ಕಂಬಕ್ಕೆ ಒರಗಿ, ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾದು ನೋಡಬೇಕು.

ಊರಿನ ಆನೆಕೆರೆಗೂ ಒಂದು ಕಥೆಯಿದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಈ ಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿಯ ಪಡೆ ಅವನನ್ನು ಆ ಸಲ ಹಿಮ್ಮೆಟ್ಟಿಸಿತು. ಇದನ್ನು ಹೇಳುವುದು ಅರಮನೆಯ ಗ್ರಂಥವಲ್ಲ, ಹೋರಾಟದಲ್ಲಿ ಮಡಿದವರಿಗಾಗಿ ನೆಟ್ಟ ವೀರಗಲ್ಲು. ಸಂಜೆ ಕೆರೆಯ ಏರಿಯ ಮೇಲೆ ತಿರುಗಾಡಲು ಹೋಗುವವರಿಗೆ ಇಷ್ಟು ಗೊತ್ತಿದ್ದರೆ ಅದೇ ಏರಿ ಬೇರೆಯಾಗಿ ಕಾಣುತ್ತದೆ.

ಹಾನಗಲ್ಲಿನ ವಿರಕ್ತ ಮಠಕ್ಕೆ ಹೋಗದೆ ಬರಬಾರದು. 1867ರಿಂದ 1930ರವರೆಗೆ ಬಾಳಿದ ಶ್ರೀ ಕುಮಾರ ಶಿವಯೋಗಿಗಳು ಈ ಮಠದವರು. 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದವರು. ಈ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಕುರುಡ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತ ಕಲಿಸುವ ಏರ್ಪಾಟು ಮಾಡಿದವರೂ ಅವರೇ. ಆ ಬಾಲಕನೇ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರ ಶಿಷ್ಯರಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ ಇದೇ ತಾಲೂಕಿನ ದೇವರ ಹೊಸಪೇಟೆಯವರು; ಅವರಿಗೂ ಕಣ್ಣಿರಲಿಲ್ಲ. ಕಣ್ಣಿಲ್ಲದ ಇಬ್ಬರು ಊರು ಬಿಟ್ಟು ಹೋಗಿ ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ, ಸ್ವರ ಕೊಟ್ಟರು. ಊರು ಬಿಡುವುದೆಂದರೆ ಕಳೆದುಕೊಳ್ಳುವುದು ಎಂದು ಕೊರಗುವವರು ಈ ಎರಡು ಹಳ್ಳಿಗಳ ಹೆಸರನ್ನು ನೆನಪಿಡಬೇಕು.

ನಾಲ್ಕನೆಯ ರವಿವಾರ: ಹಿರೇಕೆರೂರ ಸೀಮೆ

ಹಿರೇಕೆರೂರಿನ ದಾರಿಯಲ್ಲಿ ಮೊದಲ ನಿಲ್ದಾಣ ಅಬಲೂರು. ಸಣ್ಣ ಊರು, ಆದರೆ ಇಲ್ಲಿನ ಸೋಮೇಶ್ವರ ದೇವಾಲಯದಲ್ಲಿ 1200ರ ಸುಮಾರಿನ ಒಂದು ದೊಡ್ಡ ಶಾಸನವಿದೆ. ಆಳಂದೆಯಲ್ಲಿ ಹುಟ್ಟಿ ಊರೂರು ಸುತ್ತಿ ಅಬಲೂರಿಗೆ ಬಂದ ಏಕಾಂತದ ರಾಮಯ್ಯನ ಕಥೆಯನ್ನು ಅದು ಹೇಳುತ್ತದೆ. ಜೈನರೊಂದಿಗೆ ವಾದ, ತಲೆಯನ್ನೇ ಪಣವಾಗಿಟ್ಟದ್ದು, ಬಿಜ್ಜಳನಿಂದ ಜಯಪತ್ರ ಪಡೆದದ್ದು, ಎಲ್ಲವೂ ಅದರಲ್ಲಿದೆ. ಗುಡಿಯ ಗೋಡೆಯ ಶಿಲ್ಪದಲ್ಲಿಯೂ ಆ ಪ್ರಸಂಗವನ್ನು ಕೊರೆದಿದ್ದಾರೆ. ಒಂದು ಮತದ ಗೆಲವನ್ನು ಇನ್ನೊಂದರ ಸೋಲಾಗಿ ಬರೆದ ಕಾಲದ ದಾಖಲೆಯೆಂದು ಇದನ್ನು ತಾಳ್ಮೆಯಿಂದ ಓದಬೇಕು. ಈ ಶಾಸನಗಳನ್ನು ಓದಿ, ಅನುವಾದಿಸಿ, ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಲೋಕಕ್ಕೆ ತಿಳಿಸಿದವನು ಮೇಲೆ ಹೇಳಿದ ಫ್ಲೀಟನೇ. ಇಂದು ಹಿರೇಕೆರೂರಿನಿಂದ ಬಸ್ಸಿನಲ್ಲಿ ಅಷ್ಟು ಸುಲಭವಾಗಿ ತಲಪುವ ಈ ಊರಿಗೆ, ಅಲ್ಲಿಯೇ ನೌಕರಿ ಮಾಡುವ ಎಷ್ಟು ಮಂದಿ ಹೋಗಿದ್ದಾರೆ?

ಅಬಲೂರು, ಮಾಸೂರುಗಳು ಸರ್ವಜ್ಞನ ಊರುಗಳೆಂದೂ ಪ್ರಸಿದ್ಧ. ಬಸವರಸ, ಮಾಳಿ ಎಂಬ ತಂದೆತಾಯಿಗಳ ಮಗನಾಗಿ ಹುಟ್ಟಿ, ಮನೆ ಬಿಟ್ಟು, ಭಿಕ್ಷೆಯ ಅನ್ನ ಉಂಡು ನಾಡೆಲ್ಲ ತಿರುಗಿದ ಈ ತ್ರಿಪದಿಯ ಕವಿಗೆ ಯಾವ ಊರೂ ಪರಸ್ಥಳವಾಗಲಿಲ್ಲ. ಮಾಸೂರಿನ ಬಳಿ ಎರಡು ಗುಡ್ಡಗಳ ನಡುವೆ ಕುಮುದ್ವತಿ ನದಿಗೆ ಅಡ್ಡಗಟ್ಟಿದ ಮದಗದ ಕೆರೆಯಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಕೋಡಿ ಬಿದ್ದು ಬಂಡೆಗಳ ಮೇಲಿಂದ ಧುಮುಕುವ ನೀರನ್ನು ನೋಡಲು ಜನ ಸೇರುತ್ತಾರೆ. ಬಂಡೆ ಜಾರುತ್ತದೆ, ದೂರದಿಂದ ನೋಡುವುದೇ ಲೇಸು. ಹಿಂದೆ ಹಿರೇಕೆರೂರಿಗೆ ಸೇರಿದ್ದು ಈಗ ತಾನೇ ತಾಲೂಕಾಗಿರುವ ರಟ್ಟಿಹಳ್ಳಿಯಲ್ಲಿ, ಅದೇ ಕುಮುದ್ವತಿಯ ಬಳಿ, ಮೂರು ಗರ್ಭಗುಡಿಗಳ ಕದಂಬೇಶ್ವ‌ರ ದೇವಾಲಯವಿದೆ.

ಈ ತಾಲೂಕಿನ ಸಾತೇನಹಳ್ಳಿಗೆ ಹೋಗಲು ಇನ್ನೊಂದು ನೆಪವುಂಟು. ಸಾತೇನಹಳ್ಳಿಯ ಶಾಂತೇಶ, ಬ್ಯಾಡಗಿ ತಾಲೂಕಿನ ಕದರಮಂಡಲಗಿಯ ಕಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರು ಮಾರುತಿಗಳ ದರ್ಶನವನ್ನು ಒಂದೇ ದಿನ, ಸೂರ್ಯ ಮುಳುಗುವುದರೊಳಗೆ, ಮುಗಿಸಿದರೆ ಪುಣ್ಯವೆಂದು ನಂಬಿಕೆ. ನಮ್ಮ ಹಿರಿಯರು ರಜೆಯ ದಿನದ ತಿರುಗಾಟಕ್ಕೆ ಎಷ್ಟು ಚೆಲುವಾದ ವ್ಯವಸ್ಥೆ ಮಾಡಿದ್ದರು ನೋಡಿ! ಕನ್ನಡ ರಂಗಭೂಮಿಯ ಹಿರಿಯರಾದ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, ಹುಟ್ಟಿದ್ದು ಈ ಸಾತೇನಹಳ್ಳಿಯಲ್ಲಿಯೇ. ಅವರೂ ವೃತ್ತಿಯಿಂದ ಶಿಕ್ಷಕರು. ಮರಾಠಿ ನಾಟಕಗಳ ಅಬ್ಬರದ ನಡುವೆ ಗದುಗಿನಲ್ಲಿ ಕನ್ನಡ ನಾಟಕಕ್ಕೆ ನೆಲೆ ಕಲ್ಪಿಸಿದವರು.

ಹೊರಡುವವರಿಗೆ ನಾಲ್ಕು ಮಾತು

ಇಂತಹ ಪಯಣಕ್ಕೆ ಹಣ ಹೆಚ್ಚು ಬೇಡ. ತಾಲೂಕಿನ ಊರುಗಳಿಂದ ಹಳ್ಳಿಗಳಿಗೆ ಸರಕಾರಿ ಬಸ್ಸುಗಳಿವೆ. ‘ಶಕ್ತಿ’ ಯೋಜನೆ ಜಾರಿಗೆ ಬಂದ 2023ರ ಜೂನ್ ತಿಂಗಳಿನಿಂದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೂ ಇಲ್ಲ. ಹಳ್ಳಿಯ ಕೊನೆಯ ಬಸ್ಸು ಎಷ್ಟಕ್ಕೆ ಎಂಬುದನ್ನು ಮಾತ್ರ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಬೇಕು. ಬಿಸಿಲಿನ ಎರಡು ತಿಂಗಳು ಬಿಟ್ಟು, ಮಳೆ ಹಿಂದೆಗೆದ ಮೇಲಿನ ದಿನಗಳು ಉತ್ತಮ.

ಒಬ್ಬರೇ ಹೋಗುವುದಕ್ಕಿಂತ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಮೇಲು. ಕಚೇರಿಯ ಸಿಪಾಯಿಯ ಹಳ್ಳಿ ಯಾವುದೆಂದು ಕೇಳಿದ್ದೀರಾ? ಒಮ್ಮೆ ಕೇಳಿ ನೋಡಿ. “ನಮ್ಮೂರಿಗೂ ಒಮ್ಮೆ ಬರ್‍ರಿ ಸರ” ಎಂಬ ಕರೆ ಅಂದೇ ಬರುತ್ತದೆ. ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಉಂಡ ರೊಟ್ಟಿ, ಎಣ್ಣೆಗಾಯಿಯ ರುಚಿ ಖಾನಾವಳಿಯ ಒಂದು ವರುಷದ ಊಟಕ್ಕೆ ಸಮ. ಗುಡಿಯಲ್ಲಿ ಪೂಜಾರಿ ಇದ್ದರೆ ಎರಡು ಮಾತು ಆಡಿ. ಬಾಗಿಲ ಕೀಲಿ ಅವರ ಬಳಿ ಇರುವಂತೆ ಊರಿನ ಕಥೆಯೂ ಅವರ ಬಳಿ ಇರುತ್ತದೆ. ಶಾಸನದ ಅಕ್ಷರ ಎದ್ದು ಕಾಣಲೆಂದು ಸುಣ್ಣ, ಎಣ್ಣೆ ಬಳಿಯಬೇಡಿ. ಚಿತ್ರ ತೆಗೆದುಕೊಂಡರೆ ಅದರ ಪಕ್ಕದಲ್ಲಿ ಊರಿನ ಹೆಸರು, ದಿನಾಂಕ ಬರೆದಿಡಿ. ಅಂದು ಆ ಕಲ್ಲನ್ನು ಹಾಗೆ ಕಂಡವರು ನೀವೊಬ್ಬರೇ ಆಗಿರಬಹುದು.

ಶಿಕ್ಷಕರಾಗಿ ಬಂದವರಿಗೆ ಇದರಿಂದ ಇನ್ನೊಂದು ಲಾಭವುಂಟು. ಚರಿತ್ರೆಯ ಪಾಠದಲ್ಲಿ ಚಾಲುಕ್ಯರ ಹೆಸರು ಬಂದಾಗ, “ನಿಮ್ಮೂರ ಗುಡಿಯ ಕಂಬ ನೋಡಿದ್ದೀರೇನು?” ಎಂದು ಕೇಳಬಲ್ಲ ಅಕ್ಕೋರನ್ನು ಮಕ್ಕಳು ಬದುಕಿರುವವರೆಗೆ ಮರೆಯುವುದಿಲ್ಲ. ಆ ದಿನದಿಂದ ಆಕೆ ಅವರ ಪಾಲಿಗೆ ಮೈಸೂರು ಕಡೆಯವಳಲ್ಲ.

ಮನೆಯ ಹಿರಿಯರಿಗೂ ಒಂದು ಮಾತು ಹೇಳಬೇಕು. ದೂರದ ಮಕ್ಕಳನ್ನು ನೆನೆದು ತಾಯಿಯ ಕರುಳು ಮಿಡಿಯುವುದು ಸಹಜ. ರಾತ್ರಿ ಫೋನು ಮಾಡಿದಾಗ “ಯಾವಾಗ ಬರ್ತೀಯಪ್ಪ?” ಎಂಬ ಪ್ರಶ್ನೆ ತಾನಾಗಿಯೇ ನಾಲಗೆಗೆ ಬರುತ್ತದೆ. ಹಬ್ಬಕ್ಕೆ ಬರಲಿ, ಮದುವೆ ಮುಂಜಿಗೆ ಬರಲಿ, ದಣಿವಾದಾಗ ಖಂಡಿತ ಬರಲಿ. ಉಳಿದ ವಾರಗಳಲ್ಲಿ ಮಾತ್ರ, “ಈ ರವಿವಾರ ಎಲ್ಲಿಗೆ ಹೋಗಿದ್ದೆ, ಏನು ನೋಡಿದೆ?” ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಕೆಲವು ದಿನ “ಎಲ್ಲಿಗೂ ಇಲ್ಲಮ್ಮ” ಎಂಬ ಉತ್ತರ ಬಂದೀತು. ಒಂದು ದಿನ “ಬಂಕಾಪುರದಲ್ಲಿ ನವಿಲು ಕಂಡೆ” ಎಂಬ ಉತ್ತರ ಬರುತ್ತದೆ. ಅಂದಿನಿಂದ ಮಗನ ಯೋಚನೆಯಲ್ಲಿ ತಾಯಿಗೂ ನಿದ್ದೆ ಕೆಡುವುದಿಲ್ಲ. ತಾನೇ ಒಮ್ಮೆ ಹೊರಟು ಬಂದು ಆ ನವಿಲನ್ನು ನೋಡುವ ಆಸೆಯೂ ಅವಳಿಗೆ ಹುಟ್ಟೀತು.